ಕೊಲ್ಲದ ಅಳತೆ

ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆ ಮಲಗಬಾರದು, ಬಗ್ಗಬಾರದು, ಗಂಟಲಲ್ಲೇ ಕೂತರೆ ಸುಡುತ್ತದೆ ಎಂದು ಚರ್ಮದ ಡಾಕ್ಟರಮ್ಮ ಹೇಳಿದ್ದಳು. ಹೀಗಾಗಿ ಅವನು ದಿನವೂ ಬೆಳಿಗ್ಗೆ ಮೊದಲು ಬೂಟಿನ ಲೇಸು ಕಟ್ಟಿ ಮುಗಿಸಿ, ಆಮೇಲೆ ದೊಡ್ಡ ಲೋಟದ ತುಂಬ ನೀರಿನೊಂದಿಗೆ ಆ ಪುಟ್ಟ ಕ್ಯಾಪ್ಸೂಲನ್ನು ಇಳಿಸಿ, ಅಡುಗೆಮನೆಯ ಕಿಟಕಿಯ ಪಕ್ಕ ಫೋಟೋ ತೆಗೆಸಿಕೊಳ್ಳುವವನ ಹಾಗೆ ನೆಟ್ಟಗೆ ನಿಂತಿರುತ್ತಿದ್ದ. ಇವತ್ತೂ ನಿಂತಿದ್ದ. ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಗ್ಯಾಸು ಆರಿಸಿದ್ದೇನೆ, ಬಸ್ ಪಾಸು ಜೇಬಿನಲ್ಲಿದೆ, ರಾತ್ರಿ ಚೆನ್ನಾಗಿ ನಿದ್ದೆ ಬಂದಿದೆ, ಯಾರ ಮೇಲೂ ಮುನಿಸಿಲ್ಲ. ಎದುರು ಮನೆಯ ಮಹಡಿಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು, ಧೂಳು ಬಿಸಿಲಿನಲ್ಲಿ ಚಿನ್ನದ ಹುಡಿಯಂತೆ ಏಳುತ್ತಿತ್ತು, ಅದನ್ನು ನೋಡುತ್ತ ನಿಂತವನಿಗೆ ತಟ್ಟನೆ ಹೊಳೆಯಿತು: ಸರಿಯಿಲ್ಲದ್ದು ಏನೂ ಇಲ್ಲವಲ್ಲ, ಅದೇ ಕಸಿವಿಸಿ. ಐವತ್ತು ದಾಟಿದ ಮನುಷ್ಯ ಬೆಳಗಿನ ಹೊತ್ತು ಹೀಗೆ ಕಾರಣವಿಲ್ಲದೆ ನೆಮ್ಮದಿಯಾಗಿದ್ದರೆ ಯಾರಾದರೂ ಬಂದು ಕೇಳುವುದಿಲ್ಲವೇ, ಇದು ನಿನ್ನದೇನಾ, ಎಲ್ಲಿಂದ ಎತ್ತಿಕೊಂಡು ಬಂದೆ ಎಂದು? ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಹೆಂಡತಿ ಅವನ ಭಂಗಿ ನೋಡಿ, "ಒಂದು ಸೆಲ್ಯೂಟೂ ಹೊಡೆದುಬಿಡು, ಬಾವುಟ ಏರಿಸ್ತೀನಿ" ಎಂದಳು. ಆಮೇಲೆ, "ಸಂಜೆ ಡಾಕ್ಟರಮ್ಮನ ಹತ್ರ ಹೋಗೋದಿದೆ, ನೆನಪಿದೆ ತಾನೆ? ಇವತ್ತು ಮಾತ್ರೆ ಮುಂದುವರಿಸೋದೋ ನಿಲ್ಲಿಸೋದೋ ಹೇಳ್ತಾರೆ" ಎಂದಳು. ನೆನಪಿತ್ತು. ನೆನಪಿದ್ದುದರಿಂದಲೇ ಅವನು ಕಿಟಕಿಯ ಗಾಜಿನಲ್ಲಿ ಮೂಡಿದ್ದ ತನ್ನ ಮುಖವನ್ನು ಬಾಡಿಗೆ ಮನೆಯನ್ನು ನೋಡುವ ಹಾಗೆ ನೋಡುತ್ತಿದ್ದ.

ಹಳೆಯ ಮುಖ ಅವನಿಗೆ ಯಾವಾಗ ಬಂತು ಎಂದು ಹೇಳುವುದು ಕಷ್ಟ. ಮೂವತ್ತೈದರ ಆಸುಪಾಸಿನಲ್ಲಿ ಕೆನ್ನೆ ಸುಮ್ಮಸುಮ್ಮನೆ ಬಿಸಿಯಾಗತೊಡಗಿತ್ತು. ಬಿಸಿಲಿಗೆ ಹೋದರೆ, ಚಹಾ ಕುಡಿದರೆ, ಯಾರಾದರೂ ಹೆಸರು ಹಿಡಿದು ಕರೆದರೆ. ಆಮೇಲೆ ಏರಿದ ಕೆಂಪು ಇಳಿಯುವುದನ್ನೇ ಮರೆಯಿತು. ಮೂಗು, ಕೆನ್ನೆ, ಗಲ್ಲದ ಮೇಲೆ ಗುಳ್ಳೆಗಳೆದ್ದವು, ಕಣ್ಣು ಮರಳು ಬಿದ್ದ ಹಾಗೆ ಉರಿಯಿತು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಯಲು ಬರುವವರು ಅವನಿಗೆ 'ಕೆಂಡ' ಎಂದು ಹೆಸರಿಟ್ಟರು. ಅದು ಕಿವಿಗೆ ಬಿದ್ದರೂ ಅವನು ಕೇಳಿಸದವನ ಹಾಗಿದ್ದ. ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ಅವನು ಸ್ವಭಾವದಲ್ಲಿ ಮೆತ್ತಗಿನವನು, ದನಿ ಏರಿಸಿದರೆ ತಾನೇ ಬೆಚ್ಚಿಬೀಳುವಂಥವನು. ಆದರೆ ಪಕ್ಕದ ಸೀಟಿನಲ್ಲಿ ಸದಾ ಸಿಟ್ಟಿನಿಂದ ಕುದಿಯುತ್ತಿರುವಂತೆ ಕಾಣುವ ಮನುಷ್ಯನೊಬ್ಬ ಕೂತಿದ್ದರೆ ಎಂಥ ಪುಂಡನೂ ಇಂಡಿಕೇಟರ್ ಹಾಕಿಯೇ ತಿರುಗುತ್ತಾನೆ. 'ಸ್ವಲ್ಪ ನಿಧಾನ' ಎಂದು ಅವನು ಹೇಳಿದರೆ ಕಲಿಯುವವರು ಕಾರನ್ನು ನಿಲ್ಲಿಸಿಯೇ ಬಿಡುತ್ತಿದ್ದರು. ಅನುಕೂಲವಲ್ಲದ್ದು ಆ ಕೆಂಪಿಗೆ ಜನ ಕೊಡುತ್ತಿದ್ದ ಇನ್ನೊಂದು ಅರ್ಥ, ಕುಡುಕ ಎಂಬುದು. ಮದುವೆ ಮನೆಗಳಲ್ಲಿ ಭಾವಮೈದುನ ಹೆಗಲ ಮೇಲೆ ಕೈ ಹಾಕಿ, "ಹಿಂದಿನ ರೂಮಲ್ಲಿ ಎಲ್ಲ ಇಟ್ಟಿದೀವಿ ಭಾವ" ಎಂದು ಕಣ್ಣು ಮಿಟುಕಿಸುತ್ತಿದ್ದ. ಕುಡಿಯುವುದಿಲ್ಲ ಎಂದರೆ, "ಹೌದೌದು" ಎಂದು ನಗುತ್ತಿದ್ದ. ನಿಜ ಹೇಳಿದಷ್ಟೂ ಸುಳ್ಳುಗಾರನಾಗುವ ಆ ಗಳಿಗೆಗಳಲ್ಲಿ ಕೆನ್ನೆ ಇನ್ನಷ್ಟು ಏರುತ್ತಿತ್ತು. ನೋಡಿದವರಿಗೆ ಅದೇ ಸಾಕ್ಷಿ. ಔಷಧಿ ಅಂಗಡಿಯವನು ಕೊಟ್ಟ ಮುಲಾಮು ಹಚ್ಚಿದ. ಮೊದಲ ವಾರ ಮುಖ ಹಾಲಿನಂತಾಯಿತು, ಆಮೇಲೆ ಅದನ್ನು ಬಿಟ್ಟರೆ ಉರಿ, ಹಚ್ಚಿದರೂ ಉರಿ ಎನ್ನುವ ಸ್ಥಿತಿಗೆ ಬಂದು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಯಿತು. ಅದನ್ನೂ ಯಾರಿಗೂ ಹೇಳಲಿಲ್ಲ. ಮುಖದ ಬಗ್ಗೆ ಚಿಂತೆ ಮಾಡುವುದು ಗಂಡಸಿಗೆ ಒಪ್ಪುವ ಕೆಲಸವಲ್ಲ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಗೋ ಗೊತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಹೆಂಡತಿ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಯಾವ ಡಾಕ್ಟರು ಎಂಥವರು ಎನ್ನುವುದನ್ನು ಅವರ ಕೋಟುಗಳಿಂದಲೇ ಹೇಳಬಲ್ಲೆ ಎನ್ನುತ್ತಿದ್ದಳು. "ಚರ್ಮದ ಡಾಕ್ಟರಮ್ಮನ ಜೇಬಲ್ಲಿ ಯಾವತ್ತೂ ಪೆನ್ನು ಸೋರಿಲ್ಲ. ಮುಚ್ಚಳ ಹಾಕೋ ಮನುಷ್ಯರು ಗಮನ ಕೊಟ್ಟು ನೋಡ್ತಾರೆ, ಬಾ" ಎಂದು ಕೈಹಿಡಿದು ಎಳೆದುಕೊಂಡೇ ಹೋಗಿದ್ದಳು. ಅವನಿಗಿಂತ ಎಷ್ಟೋ ಚಿಕ್ಕವಳಾದ ಆ ಡಾಕ್ಟರಮ್ಮ ದೀಪ ಹತ್ತಿರ ತಂದು ಮುಖವನ್ನು ನಕ್ಷೆ ಓದುವ ಹಾಗೆ ಓದಿದಳು. ಯಾವುದರಿಂದ ಏರುತ್ತದೆ ಎಂದು ಕೇಳಿದಳು. ಬಿಸಿಲು? ಹೌದು. ಖಾರ? ಸ್ವಲ್ಪ. ಬಿಸಿ ಚಹಾ? ಹೌದು. ಕುಡಿಯುತ್ತೀರಾ? ಇಲ್ಲ. "ಸರಿ" ಎಂದಳು. ಅಷ್ಟೆ. ಮುಂದಿನ ಪ್ರಶ್ನೆಗೆ ಹೋದಳು. ಕಣ್ಣು ಉರಿಯುತ್ತದೆಯೇ ಎಂದು ಅವಳು ಕೇಳುವಾಗಲೂ ಅವನ ಕಿವಿಯಲ್ಲಿ ಆ ಒಂದು 'ಸರಿ'ಯೇ ಇತ್ತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಯಾರೋ ಅವನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿಯೂ ಬಾಯಿಂದ ಬಂದ ಮಾತನ್ನೇ ನಂಬಿದ್ದರು. ರೊಸೇಸಿಯಾ ಎಂದಳು. ಹೂವಿನ ಹೆಸರಿನಂತಿತ್ತು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ಕು, ಚಿಕ್ಕ ಡೋಸಿನಲ್ಲಿ, ಕೆಲವು ತಿಂಗಳು ಎಂದಳು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಬೆನ್ನು ನೆಟ್ಟಗೆ ಮಾಡಿದಳು. "ತಿಂಗಳುಗಟ್ಟಲೆ ಆಂಟಿಬಯಾಟಿಕ್ಕಾ? ನಮ್ಮ ವಾರ್ಡುಗಳಲ್ಲಿ ಅದನ್ನ ಲೆಕ್ಕ ಹಾಕಿ ಕೊಡ್ತಾರಲ್ಲ ಡಾಕ್ಟ್ರೇ. ಆಮೇಲೆ ಬೇಕಾದಾಗ ಕೆಲಸ ಮಾಡದೆ ಹೋದ್ರೆ?" ಡಾಕ್ಟರಮ್ಮನಿಗೆ ಆ ಪ್ರಶ್ನೆ ಇಷ್ಟವಾದಂತೆ ಕಂಡಿತು. "ಕ್ರಿಮಿ ಕೊಲ್ಲೋಕೆ ಕೊಡೋ ಅಳತೆ ಬೇರೆ, ಇದು ಬೇರೆ. ಇದು ಕೊಲ್ಲೋ ಅಳತೆಗಿಂತ ಕೆಳಗಿದೆ. ಇಷ್ಟು ಕಮ್ಮಿ ಇದ್ದಾಗ ಅದು ಕ್ರಿಮಿ ತಂಟೆಗೆ ಹೋಗಲ್ಲ, ಚರ್ಮದ ಒಳಗಿನ ಉರಿ ಮಾತ್ರ ತಣಿಸುತ್ತೆ. ಗುಳ್ಳೆ ಹೋಗುತ್ತೆ. ಕೆಂಪು ಅಷ್ಟಿಷ್ಟು ಉಳಿಯಬಹುದು, ಬಿಸಿಲಿಗೆ ಏರೋದು ಇಳಿಯೋದು ಇದ್ದೇ ಇರುತ್ತೆ" ಎಂದಳು. ಆಗ ಅವನು ಮೊದಲ ಸಲ ತಾನಾಗಿ ಬಾಯಿ ಬಿಟ್ಟ. "ಅಂದ್ರೆ ಗಾಡಿ ನಿಲ್ಲಿಸೋ ಬ್ರೇಕಲ್ಲ. ಇಳಿಜಾರಲ್ಲಿ ಸುಮ್ನೆ ಕಾಲು ತಾಗಿಸಿರ್ತೀವಲ್ಲ, ಆ ಬ್ರೇಕು." ಡಾಕ್ಟರಮ್ಮ ನಕ್ಕು, ಇದನ್ನು ಬೇರೆ ರೋಗಿಗಳಿಗೂ ಹೇಳುತ್ತೇನೆ ಎಂದಿದ್ದಳು. ಆ ನಗುವನ್ನು ಅವನು ಮನೆಯವರೆಗೆ ಒಯ್ದಿದ್ದ.

ಡ್ರೈವಿಂಗ್ ಸ್ಕೂಲಿನ ಕಚೇರಿ ಎಂದರೆ ಒಂದು ಗಾಜಿನ ಬಾಗಿಲು, ಎರಡು ಮೇಜು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ದೊಡ್ಡ ಚಿತ್ರಪಟ. ಯಜಮಾನ ಕೀಲಿಗಳ ಹಲಗೆಯ ಕೆಳಗೆ ಕೂರುತ್ತಿದ್ದ. ಅವನ ಮೇಜಿನ ಎಡ ಮೂಲೆಯಲ್ಲಿ ಕಳೆದ ವರ್ಷದಿಂದ ಉಸಿರು ಊದುವ ಯಂತ್ರವೊಂದಿತ್ತು. ಹೆಂಗಸೊಬ್ಬಳು ಫೋನು ಮಾಡಿ, ನಿಮ್ಮ ಮೇಷ್ಟ್ರು ಕುಡಿದು ಬರುತ್ತಾರೆ, ಕಣ್ಣು ಮೂಗು ನೋಡಿದರೆ ಸಾಕು, ವಾಸನೆಯೂ ಬರುತ್ತದೆ ಎಂದು ದೂರು ಕೊಟ್ಟ ದಿನದಿಂದ. "ಯಾರು ಅಂತ ಹೇಳೋದು ಸರಿಯಲ್ಲ ಮೇಷ್ಟ್ರೇ, ನಂಗೆ ನಿಮ್ಮ ಮೇಲೆ ಅನುಮಾನ ಇಲ್ಲ, ಆದ್ರೆ ಹೆಸರು ಕೆಟ್ರೆ ಸ್ಕೂಲು ಮುಚ್ಚಬೇಕಾಗುತ್ತೆ, ದಿನಾ ಬೆಳಿಗ್ಗೆ ಒಂದು ಸಲ ಊದಿಬಿಡಿ" ಎಂದಿದ್ದ ಯಜಮಾನ. ಅನುಮಾನವಿಲ್ಲದ ಮನುಷ್ಯ ದಿನಾ ಬೆಳಿಗ್ಗೆ ಕೊಳವೆಯನ್ನು ಒರೆಸಿ ಅವನ ಮುಂದೆ ಹಿಡಿಯುತ್ತಿದ್ದ. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದವರು ಗಾಜಿನ ಮೂಲಕ ನೋಡುತ್ತಿದ್ದರು. ನೋಡುತ್ತಿಲ್ಲ ಎನ್ನುವಂತೆ ಮೊಬೈಲಿಗೆ ತಲೆ ತಗ್ಗಿಸುತ್ತಿದ್ದರು. ಅವನು ಕೆನ್ನೆ ಉಬ್ಬಿಸಿ ಊದುತ್ತಿದ್ದ, ಯಂತ್ರ ಸೊನ್ನೆ ತೋರಿಸುತ್ತಿತ್ತು, ಯಜಮಾನ "ಗುಡ್" ಎನ್ನುತ್ತಿದ್ದ. ಬೇರೆ ಮೇಷ್ಟ್ರುಗಳು ಊದುತ್ತಿರಲಿಲ್ಲ. ಅವರು ಬರುವುದೂ ಕೀಲಿ ತೆಗೆದುಕೊಳ್ಳುವುದೂ ಒಂದೇ ಓಟದಲ್ಲಿ. ಆ 'ಗುಡ್' ಕೇಳಿಸಿಕೊಂಡ ಮೇಲೆ ಕಾರಿನವರೆಗಿನ ನಡಿಗೆಯಲ್ಲಿ ಅವನ ಬೆನ್ನು ತನ್ನದಲ್ಲ ಅನ್ನಿಸುತ್ತಿತ್ತು.

ಇವತ್ತು ಅವನು ಒಳಗೆ ಬಂದು ಅಭ್ಯಾಸದಂತೆ ಮೇಜಿನ ಎಡಕ್ಕೆ ಹೋದ. ಯಂತ್ರ ಇರಲಿಲ್ಲ. ಅದರ ಜಾಗದಲ್ಲಿ ಪೆನ್ನಿನ ಡಬ್ಬಿ ಇತ್ತು. ಯಜಮಾನ ಉಡುಗೊರೆ ಕೊಡುವವನ ಹಾಗೆ ಕೀಲಿ ಚಾಚಿದ. "ಇನ್ಮೇಲೆ ಅದೆಲ್ಲ ಬೇಡ ಮೇಷ್ಟ್ರೇ. ಬಿಟ್ಟುಬಿಟ್ರಲ್ಲ, ಮುಖದಲ್ಲೇ ಕಾಣುತ್ತೆ. ಎಷ್ಟು ಕಳೆ ಬಂದಿದೆ! ನಮ್ಮ ಮನೇಲೂ ಹೇಳಿದೆ, ಮನಸ್ಸು ಮಾಡಿದ್ರೆ ಯಾವ ವಯಸ್ಸಲ್ಲೂ ಬಿಡಬಹುದು ಅಂತ." ಕೀಲಿ ತೆಗೆದುಕೊಂಡ ಅವನ ಕೈ ಹಾಗೇ ನಿಂತಿತು. ಬಿಟ್ಟುಬಿಟ್ಟೆನೆ? ಏನನ್ನು? ಇಷ್ಟು ದಿನ ಯಂತ್ರ ಬೆಳಿಗ್ಗೆ ಬೆಳಿಗ್ಗೆ ಸೊನ್ನೆ ಎಂದು ಹೇಳುತ್ತಲೇ ಇತ್ತು, ಯಜಮಾನ ಪ್ರತಿ ಸೊನ್ನೆಯನ್ನೂ ನೋಡಿ, ಗುಡ್ ಎಂದು, ಒಂದನ್ನೂ ನಂಬಿರಲಿಲ್ಲ. ಈಗ ಗುಳ್ಳೆ ಹೋಗಿವೆ, ನಂಬುತ್ತಿದ್ದಾನೆ. ಕೀಲಿ ಹಿಡಿದು ನಿಂತವನೊಳಗೆ ಏನೋ ಎದ್ದಿತು. ಅದು ಸಿಟ್ಟು ಎಂದು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ವರ್ಷ ಅದರ ಹೆಸರನ್ನು ಹೊತ್ತು ತಿರುಗಿದವನು ಅದನ್ನು ಅಷ್ಟಾಗಿ ಕಂಡಿರಲಿಲ್ಲ. "ಅದು ದಿನಾ ಸೊನ್ನೆ ತೋರಿಸ್ತಿತ್ತು" ಎಂದ. "ಹೌದು ಹೌದು, ತೋರಿಸ್ತಿತ್ತು." "ನೀವು ಸೊನ್ನೆ ನಂಬಲಿಲ್ಲ. ಮುಖ ನಂಬಿದ್ರಿ." ಯಜಮಾನ ನಕ್ಕ. ತಮಾಷೆ ಎಂದುಕೊಂಡಿದ್ದ. ಅವನು ಕಾದ; ಹಳೆಯ ಬಿಸಿ ಕೆನ್ನೆಗೆ ನುಗ್ಗಿ ತನ್ನ ಪರವಾಗಿ ಮಾತಾಡಲಿ ಎಂದು ಕಾದ. ಫ್ಯಾನಿನ ಗಾಳಿಯಲ್ಲಿ ಮುಖ ತಣ್ಣಗೇ ಇತ್ತು. ಸಿಟ್ಟಿಲ್ಲದಾಗೆಲ್ಲ ಸಿಟ್ಟು ತೋರಿಸಿದ ಮುಖ, ಬೇಕಾದಾಗ ಕೈಕೊಟ್ಟಿತ್ತು. ಇನ್ನು ಬಾಯಿಯೇ ಗತಿ. "ನಾನು ನಗ್ತಿಲ್ಲ. ನಂಗೆ ಸಿಟ್ಟು ಬಂದಿದೆ" ಎಂದ, ವಿಳಾಸ ಹೇಳುವಷ್ಟು ಸಾದಾ ದನಿಯಲ್ಲಿ. "ನಾನು ಯಾವತ್ತೂ ಕುಡಿದಿಲ್ಲ, ಬಿಡೋದಕ್ಕೆ. ಅದು ಚರ್ಮದ ಕಾಯಿಲೆ. ಮಾತ್ರೆ ತಗೊಂಡೆ, ಇಳೀತು. ನೀವು ಎಲ್ಲರ ಎದುರಿಗೆ ನನ್ನೊಬ್ಬನ ಕೈಲೇ ಊದಿಸಿದ್ದು ತಪ್ಪು." ಯಜಮಾನನ ಕಣ್ಣುಗಳು ಅವನ ಮುಖದ ಮೇಲೆ ಸಿಟ್ಟನ್ನು ಹುಡುಕುತ್ತ ಅಲೆದಾಡಿದವು. ಸಿಗದೆ, ಮಾತಿಗೇ ಮರಳಿದವು. "ಕೂತ್ಕೊಳ್ಳಿ ಮೇಷ್ಟ್ರೇ" ಎಂದ. ಆಮೇಲೆ, ಅವನು ಕೂರದಿದ್ದಾಗ, ತಾನೇ ಎದ್ದು ನಿಂತ. "ನಂಗೆ ಗೊತ್ತಾಗಲಿಲ್ಲ. ತಪ್ಪಾಯ್ತು." ಹೊರಗಿನ ಬೆಂಚಿನವರು ಇದನ್ನೂ ನೋಡುತ್ತಿದ್ದರೋ ಏನೋ, ಅವನು ತಿರುಗಿ ನೋಡಲಿಲ್ಲ. ಕಾರಿನವರೆಗೆ ನಡೆಯುವಾಗ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತಲೇ ಇದ್ದ. ಸಂತೋಷಕ್ಕೋ, ಕೆಲಸ ಹೋದರೇನು ಗತಿ ಎಂಬ ತಡವಾಗಿ ಬಂದ ಭಯಕ್ಕೋ. ಎರಡೂ ಇರಬಹುದು.

ಬೆಳಗಿನ ಇಬ್ಬರು ಕಲಿಯುವವರು ಬಂದುಹೋದರು. ಎರಡನೆಯವನು, ಬ್ಯಾಂಕಿನಲ್ಲಿ ಕೆಲಸ ಮಾಡುವ ಎಳೆಯ, ರಿವರ್ಸ್ ತೆಗೆಯುವಾಗ ವಾದಕ್ಕೇ ಇಳಿದ: "ಅಷ್ಟು ತಿರುಗಿಸೋದು ಬೇಡ ಅನ್ಸುತ್ತೆ ಸಾರ್." ಕೆಂಡದ ಕಾಲದಲ್ಲಿ ಯಾರೂ ಹೀಗೆ ಅನ್ನುತ್ತಿರಲಿಲ್ಲ. ಅವನು "ಹಾಗೇ ಮಾಡಿ ನೋಡಿ" ಎಂದ, ಹಿಂದಿನ ಚಕ್ರ ಕಲ್ಲಿಗೆ ತಾಗಿತು, ಇಬ್ಬರೂ ಇಳಿದು ನೋಡಿದರು, ಹುಡುಗ ಕಿವಿ ಹಿಡಿದುಕೊಂಡು ನಕ್ಕ. ಹೆದರಿಸಿ ಕಲಿಸುವುದಕ್ಕಿಂತ ಇದು ನಿಧಾನ, ಆದರೆ ಕಾರಿನೊಳಗೆ ಗಾಳಿ ಜಾಸ್ತಿ ಇದೆ ಎಂದುಕೊಂಡ.

ಮಧ್ಯಾಹ್ನದ ಪಾಠ ಅವನದಾಗಿರಲಿಲ್ಲ. ಇನ್ನೊಬ್ಬ ಮೇಷ್ಟ್ರಿಗೆ ಜ್ವರ ಬಂದು ರಜೆ ಹಾಕಿದ್ದರಿಂದ ಅವನ ಪಾಲಿಗೆ ಬಂತು. ಬಂದವಳು ನಲವತ್ತರ ಹೆಂಗಸು. ಹೂವಿನಂಗಡಿ ನಡೆಸುತ್ತಾಳೆ, ಮದುವೆ ಮಂಟಪಗಳಿಗೆ ಹೂ ಸಾಗಿಸುವ ವ್ಯಾನನ್ನು ತಾನೇ ಓಡಿಸಬೇಕೆಂಬ ಹಟ. ಬೆರಳ ತುದಿಗಳಲ್ಲಿ ಹಸಿರು ಕಲೆ. ಅವಳು ಗೇರಿನ ಗುಂಡಿಯನ್ನು ಹಿಡಿದ ಕೂಡಲೆ ಅವನಿಗೆ ಇವಳನ್ನು ಕಂಡಿದ್ದೇನೆ ಅನ್ನಿಸಿತು. ಕಲಿಯುವವರ ಮುಖಗಳು ಅವನಿಗೆ ಎಂದೂ ನೆನಪಿರುತ್ತಿರಲಿಲ್ಲ, ಪಕ್ಕದಲ್ಲಿ ಕೂತವನಿಗೆ ಕಾಣುವುದು ಕೈಕಾಲು ಮಾತ್ರ. ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟು ಗೇರು ಹಿಡಿಯುವ ಆ ರೀತಿಯನ್ನು ಅವನು ಹಿಂದೆ ತಿದ್ದಲು ನೋಡಿ ಸೋತಿದ್ದ. ಎರಡು ಪಾಠಕ್ಕೆ ಬಂದು ನಿಲ್ಲಿಸಿದ್ದವಳು. ಅವಳಿಗೆ ಮಾತ್ರ ಅವನ ಗುರುತು ಹತ್ತಲಿಲ್ಲ. ಮಾತ್ರೆ ತೆಗೆದುಕೊಳ್ಳುವಾಗ ಬಿಸಿಲು ತಾಗಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಹಾಕಿಕೊಳ್ಳುತ್ತಿದ್ದ ಅಗಲ ಅಂಚಿನ ಟೋಪಿಯೂ ಇತ್ತು. ಕಾರು ಕೆರೆ ಏರಿಯ ಖಾಲಿ ರಸ್ತೆಗೆ ಬರುತ್ತಲೇ ಅವಳಿಗೆ ಧೈರ್ಯ ಬಂತು, ಧೈರ್ಯದ ಜೊತೆ ಮಾತೂ ಬಂತು. "ನಾನು ಹೋದ ವರ್ಷವೇ ಕಲೀಬೇಕಿತ್ತು ಸಾರ್. ಇಲ್ಲೇ ಬಂದಿದ್ದೆ. ಆಗೊಬ್ರಿದ್ರಲ್ಲ, ಕೆಂಪು ಮುಖದವರು. ಅಯ್ಯೋ, ಬೆಳಗ್ಗೇನೇ ಹಾಕ್ಕೊಂಡು ಬರ್ತಿದ್ರು. ನಾನು ಹೆದರಿ ಬಿಟ್ಟೇಬಿಟ್ಟೆ. ಫೋನ್ ಮಾಡಿ ಹೇಳಿದೆ ಕೂಡ. ಈಗ ಅವರಿಲ್ಲ ತಾನೆ?"

ಇವಳೇ. ಒಂದು ವರ್ಷ ಅವನು ಆ ದೂರಿಗೊಂದು ಮುಖ ಹುಡುಕಿದ್ದ. ಮುಖ ಕಂಡರೆ ಹೇಳಬೇಕಾದ ಮಾತುಗಳನ್ನು ಸ್ನಾನ ಮಾಡುವಾಗ, ಸಿಗ್ನಲ್ಲಿನಲ್ಲಿ ಕಾಯುವಾಗ ಹದ ಮಾಡಿ ಇಟ್ಟಿದ್ದ. ಈಗ ಅವಳು ಪಕ್ಕದಲ್ಲೇ ಇದ್ದಳು, ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು, ಮುಂದಿನ ರಸ್ತೆಯ ಮೇಲೆ ಮಗುವಿನಂತೆ ಕಣ್ಣು ನೆಟ್ಟು. ಅವನ ಬಾಯಿಂದ ಬಂದದ್ದು, "ಇಲ್ಲ, ಅವರು ಬಿಟ್ಟು ಹೋದ್ರು." ಅದು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯ. "ಒಳ್ಳೇದಾಯ್ತು" ಎಂದಳು. "ಹೌದು, ಅಂಥವರಿಂದ ಸ್ಕೂಲಿಗೂ ಕೆಟ್ಟ ಹೆಸರು" ಎಂದು ಅವನು ಸೇರಿಸಿದ. ಸೇರಿಸುವ ಅಗತ್ಯವೇ ಇರಲಿಲ್ಲ. ಒಂದು ಕ್ಷಣ ಎಂಥ ಸುಖ! ಎಲ್ಲರ ಸಾಲಿನಲ್ಲಿ ನಿಂತು ಆ ಕೆಂಪು ಮುಖದವನ ಕಡೆ ಬೆರಳು ತೋರಿಸುವ ಸುಖ. ನಯವಾದ ಕೆನ್ನೆಯವರ ಗುಂಪಿಗೆ ತನ್ನನ್ನೂ ಸೇರಿಸಿಕೊಂಡುಬಿಟ್ಟಿದ್ದಾರೆ. ಅವಳು, "ಮೂಗು ನೋಡಬೇಕಿತ್ತು ನೀವು" ಎಂದಳು, ಅವನು ನಕ್ಕ. ನಕ್ಕ ಮೇಲೆ ಹಳೆಯ ಮುಖದವನು ಕಣ್ಣ ಮುಂದೆ ಬಂದ. ನಡುಮನೆಯ ದೀಪ ಹಾಕದೆ ಕತ್ತಲಲ್ಲಿ ಮುಲಾಮು ಹಚ್ಚಿಕೊಳ್ಳುತ್ತಿದ್ದ ಮನುಷ್ಯ, ಬೆಂಚಿನವರೆದುರು ಕೆನ್ನೆ ಉಬ್ಬಿಸಿ ಊದುತ್ತಿದ್ದ ಮನುಷ್ಯ. ಅವನ ಪರವಾಗಿ ಬೆಳಿಗ್ಗೆಯಷ್ಟೇ ಯಜಮಾನನನ್ನು ಎಬ್ಬಿಸಿ ನಿಲ್ಲಿಸಿದ್ದೆ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಮಾರಿಬಿಟ್ಟೆ. ಭಾವಮೈದುನನೂ ಇಷ್ಟು ಚೆನ್ನಾಗಿ ಮಾಡುತ್ತಿರಲಿಲ್ಲ.

ರೈಲು ಗೇಟು ಹಾಕಿತ್ತು. ಕಾರು ಸಾಲಿನ ನಡುವೆ ನಿಂತಿತು. ಮರವಿಲ್ಲದ ಜಾಗ; ಬಿಸಿಲು ಮುಂದಿನ ಗಾಜಿನಿಂದ ನೇರ ಅವನ ಮಡಿಲಿಗೆ, ಎದೆಗೆ, ಗಲ್ಲಕ್ಕೆ ಬಂತು. ಎಂಜಿನ್ನಿನ ಬಿಸಿ ಕಾಲಿನಿಂದ ಹತ್ತಿತು. ಟೋಪಿ ತೆಗೆದು ಬೀಸಿಕೊಂಡ. ಕತ್ತಿನಿಂದ ಬಿಸಿ ಹೊರಟದ್ದು ಗೊತ್ತಾಯಿತು, ಪರಿಚಯದವರು ಮೆಟ್ಟಿಲು ಹತ್ತಿ ಬರುವ ಸದ್ದಿನ ಹಾಗೆ. ದವಡೆ, ಕೆನ್ನೆ, ಮೂಗು. ಏರೋದು ಇಳಿಯೋದು ಇದ್ದೇ ಇರುತ್ತೆ ಎಂದಿದ್ದಳಲ್ಲ ಡಾಕ್ಟರಮ್ಮ. ಗುಳ್ಳೆಯಿಲ್ಲದ ಆ ಕೆಂಪು ಒಂದೇ ಸಮನೆ ಹರಡಿತು. ಅವಳು ಏನೋ ಹೇಳಲು ಇತ್ತ ತಿರುಗಿದಳು. ಅವಳ ಕಣ್ಣು ಅವನ ಮೂಗಿನ ಮೇಲೆ ನಿಂತಿತು. ಗೇಟು ಏಳತೊಡಗಿತು. "ನೀವು..." ಎಂದಳು, ಕ್ಲಚ್ಚಿನಿಂದ ಕಾಲು ಜಾರಿತು, ಕಾರು ಬಿಕ್ಕಳಿಸಿ ಆರಿತು. ಹಿಂದಿನಿಂದ ಒಂದು ಹಾರ್ನು, ಅದರ ಹಿಂದೆ ಹತ್ತು. "ರಸ್ತೆ ನೋಡಿ" ಎಂದ ಅವನು. "ಕ್ಲಚ್ಚು ಪೂರ್ತಿ. ಕೀಲಿ. ಮೊದಲನೇ ಗೇರು. ಅವಸರ ಇಲ್ಲ, ಹಾರ್ನು ಅವರದ್ದು, ಕಾರು ನಮ್ಮದು." ಹಳಿ ದಾಟಿದರು. ದಾಟಿದ ಮೇಲೆ ಅವನು ಅವಳ ಕಡೆ ನೋಡಿದ. ಕಿವಿಯ ತುದಿಯಿಂದ ಕುತ್ತಿಗೆಯ ಬುಡದವರೆಗೆ ಅವಳು ಅವನಿಗಿಂತ ಕೆಂಪಾಗಿದ್ದಳು.

"ಎಡಕ್ಕೆ ನಿಲ್ಲಿಸಿ, ಆ ನೆರಳಲ್ಲಿ" ಎಂದ. ನಿಲ್ಲಿಸಿದಳು, ಹ್ಯಾಂಡ್ ಬ್ರೇಕನ್ನು ಮರೆಯದೆ ಎಳೆದಳು, ಅದನ್ನು ಅವನು ಗಮನಿಸಿದ. ಅವಳು ಸ್ಟೇರಿಂಗಿನ ನಡುವಿನ ಗುರುತನ್ನೇ ಒರೆಸುತ್ತಿದ್ದಳು. "ಆಗಲೇ ಯಾಕೆ ಹೇಳಲಿಲ್ಲ ಸಾರ್ ನೀವೇ ಅಂತ?" "ನಾಚಿಕೆಯಾಯ್ತು." "ನಿಮಗಾ?" ಅವಳಿಗೆ ನಗುವೋ ಅಳುವೋ ತಿಳಿಯದ ಸದ್ದು ಬಂತು. ಅವನು ಕಾಯಿಲೆ ಎಂದ, ಮಾತ್ರೆ ಎಂದ, ಕುಡಿಯುವುದಿಲ್ಲ ಎಂದ. ಮೂರೇ ಮಾತು. ಅವಳು, "ವಾಸನೆ ಬರುತ್ತೆ ಅಂತಾನೂ ಹೇಳಿದ್ದೆ ಫೋನಲ್ಲಿ" ಎಂದಳು. "ಬಂದಿತ್ತಾ?" "ಮುಖ ನೋಡಿದ ಮೇಲೆ ಬಂದ ಹಾಗೇ ಇತ್ತು. ಈಗ ಯೋಚಿಸಿದ್ರೆ, ಕಾರಲ್ಲಿ ಇದ್ದಿದ್ದು ಈ ಸೀಟಿನ ವಾಸನೆ ಅಷ್ಟೆ. ಸುಳ್ಳು ಹೇಳ್ತಿದೀನಿ ಅಂತ ನಂಗೆ ಗೊತ್ತೇ ಇರಲಿಲ್ಲ ಸಾರ್. ನಿಜವಾಗ್ಲೂ ಬಂದಿತ್ತು ಅನ್ಕೊಂಡಿದ್ದೆ." ಅವನು ತಲೆಯಾಡಿಸಿದ. ಹದ ಮಾಡಿ ಇಟ್ಟಿದ್ದ ಮಾತುಗಳಲ್ಲಿ ಒಂದೂ ಈ ಹೆಂಗಸಿಗೆ ಅಳತೆಯಾಗಿರಲಿಲ್ಲ. ಅವನ್ನೆಲ್ಲ ಯಾರೋ ದೊಡ್ಡ ಮನುಷ್ಯರಿಗೆ ಹೊಲಿದಂತಿತ್ತು. ಅವನಿಗೂ ಕನ್ನಡಿಯೆದುರು ಕೆಲವು ಸಲ ಆ ವಾಸನೆ ಬಂದದ್ದಿದೆ, ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. "ನನಗೂ ಬರ್ತಿತ್ತು" ಎಂದುಬಿಟ್ಟ. "ಮತ್ತೆ ಈಗಷ್ಟೆ ನಿಮ್ಮ ಜೊತೆ ಸೇರ್ಕೊಂಡು ನಾನೂ ಅವನನ್ನ ಬೈದೆನಲ್ಲ." ಅವಳು ಅವನನ್ನೇ ನೋಡಿದಳು. ಈ ಸಲ ಮೂಗನ್ನಲ್ಲ, ಕಣ್ಣನ್ನು. ಆಮೇಲೆ ಹಸಿರು ಕಲೆಯ ಬೆರಳುಗಳಲ್ಲಿ ಕಣ್ಣಂಚು ಒತ್ತಿಕೊಂಡು, "ನಾನು ಯಜಮಾನ್ರಿಗೆ ಹೇಳ್ತೀನಿ" ಎಂದಳು. "ನಾನು ಬೆಳಿಗ್ಗೆ ಹೇಳಾಯ್ತು. ಬೇಕಿದ್ರೆ ನೀವೂ ಹೇಳಿ. ಈಗ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಹೊರಡಿ. ಹೆಬ್ಬೆರಳು ಹೊರಗೆ." ಪಾಠ ಮುಗಿದಾಗ ಅವಳು ಬಾಗಿಲು ಹಾಕಿ, ಕಿಟಕಿಗೆ ಬಗ್ಗಿ, ಮೊದಲಿನ ಮೇಷ್ಟ್ರಿಗೆ ಜ್ವರ ವಾಸಿಯಾದರೂ ತನಗೆ ಇವರೇ ಇರಲಿ ಎಂದು ಯಜಮಾನರಿಗೆ ಹೇಳಬಹುದೇ ಎಂದು ಕೇಳಿದಳು. ಕೇಳುವಾಗ ಮತ್ತೆ ಕೆಂಪಾದಳು. ಗಾಜಿನ ಬಾಗಿಲಾಚೆ ಅವಳು ಯಜಮಾನನೆದುರು ಕೈಯಾಡಿಸಿ ಮಾತಾಡುವುದು ಕಂಡಿತು. ಅವನು ಕೇಳಿಸಿಕೊಳ್ಳಲು ಹೋಗಲಿಲ್ಲ, ಟೈರಿನಲ್ಲಿ ಗಾಳಿ ಇದೆಯೇ ಎಂದು ಕಾಲಿನಿಂದ ಒತ್ತಿ ನೋಡಿದ. ಇತ್ತು.

ಸಂಜೆ ಡಾಕ್ಟರಮ್ಮ ದೀಪ ಹತ್ತಿರ ತಂದು ನೋಡಿ, ಇನ್ನು ಮಾತ್ರೆ ನಿಲ್ಲಿಸೋಣ, ಹಚ್ಚುವ ಕ್ರೀಮು ಮಾತ್ರ ಸಾಕು ಎಂದಳು. ಅವನು ಒಳಗೊಳಗೇ ಹೆದರಿದ್ದ ಮಾತು ಅದು. "ಮತ್ತೆ ಬರಬಹುದಾ?" ಎಂದು ಹೆಂಡತಿಯೇ ಕೇಳಿದಳು. "ಬರಬಹುದು. ಕೆಲವರಿಗೆ ಬರುತ್ತೆ, ಕೆಲವರಿಗೆ ವರ್ಷಗಟ್ಟಲೆ ಬರಲ್ಲ. ಬಂದ್ರೆ ಮತ್ತೆ ಕೊಡೋಣ, ಅದಕ್ಕೇನು." ಅವನು ತನ್ನೊಳಗೆ ಭಯವನ್ನು ಹುಡುಕಿದ, ಕೈಗೆ ತಾಗುವಷ್ಟು ಸಿಕ್ಕಿತು, ಅದಕ್ಕಿಂತ ಹೆಚ್ಚಿರಲಿಲ್ಲ. ಬಂದರೆ ಬರಲಿ, ಆ ಮುಖದವನ ಪರವಾಗಿ ಮಾತಾಡಲು ಈಗ ಬಾಯಿ ಇದೆ ಎಂದುಕೊಂಡ. ಹಾಗೆ ಅಂದುಕೊಂಡದ್ದು ಸ್ವಲ್ಪ ಭಾಷಣದಂತಾಯಿತು ಎಂದು ತನ್ನಷ್ಟಕ್ಕೆ ನಾಚಿದ. ಬಸ್ ನಿಲ್ದಾಣದವರೆಗೆ ನಡೆಯುತ್ತ ಹೆಂಡತಿಗೆ ಎಲ್ಲವನ್ನೂ ಹೇಳಿದ, ಮಾರಿಬಿಟ್ಟದ್ದನ್ನೂ ಸೇರಿಸಿ. ಅವಳು ಮೊದಲು ಯಜಮಾನನನ್ನು ಬೈದಳು, ಆಮೇಲೆ ಹೂವಿನಂಗಡಿಯವಳನ್ನು, ಆಮೇಲೆ ಇವನನ್ನು. ಬೈದು ಮುಗಿಸಿ, "ಅವನನ್ನ ಕಟ್ಕೊಂಡಿದ್ದು ನಾನು. ಇನ್ನೊಂದ್ಸಲ ಅವನ ಬಗ್ಗೆ ಹಾಗೆ ಮಾತಾಡಿದ್ರೆ ನೋಡು" ಎಂದಳು. ಅವಳು ನಗುತ್ತಿರಲಿಲ್ಲ.

ಬಸ್ಸು ತುಂಬಿತ್ತು. ಅವಳಿಗೆ ಮುಂದೆ ಹೆಂಗಸರ ಕಡೆ ಒಂದು ಸೀಟು ಸಿಕ್ಕಿತು, ಅವನಿಗೆ ನಾಲ್ಕು ಸಾಲು ಹಿಂದೆ ಕಿಟಕಿಯ ಪಕ್ಕ. ಎಷ್ಟು ಜನ ನಿಂತಿದ್ದರೂ ತನ್ನ ಪಕ್ಕದ ಸೀಟು ಕೊನೆಯವರೆಗೆ ಖಾಲಿ ಉಳಿಯುವುದು ಅವನಿಗೆ ಹಳೆಯ ಅಭ್ಯಾಸ. ಅದಕ್ಕೇ ಅವನು ಚೀಲವನ್ನು ಮಡಿಲಲ್ಲಿಟ್ಟುಕೊಳ್ಳದೆ ಪಕ್ಕಕ್ಕೆ ಇಡುತ್ತಿದ್ದ, ಖಾಲಿ ಉಳಿದದ್ದಕ್ಕೆ ಚೀಲವೇ ಕಾರಣ ಎಂದು ಕಾಣುವ ಹಾಗೆ. ಜನರ ಉಸಿರು, ಮುಚ್ಚಿದ ಕಿಟಕಿ, ಮುಖ ಮತ್ತೆ ಏರತೊಡಗಿತ್ತು; ಗಾಜಿನಲ್ಲಿ ಮೂಗು ಹೊಳೆಯಿತು. ಮುಂದಿನ ನಿಲ್ದಾಣದಲ್ಲಿ ಹತ್ತಿದವನೊಬ್ಬ, ಸುಣ್ಣಬಣ್ಣ ಬಳಿಯುವವನಿರಬೇಕು, ಕೂದಲಲ್ಲೆಲ್ಲ ಬಿಳಿ ಚುಕ್ಕೆ, "ಚೀಲ ತಗೊಳ್ಳಿ ಸ್ವಲ್ಪ" ಎಂದು ಅವನೇ ಎತ್ತಿ ಇವನ ಮಡಿಲಲ್ಲಿಟ್ಟು, ಧೊಪ್ಪೆಂದು ಕೂತ. ಇವನ ಮುಖವನ್ನು ನೋಡಿದ, ಕಿಟಕಿ ನೋಡಿದ ಹಾಗೆ. ಎರಡು ತಿರುವು ದಾಟುವಷ್ಟರಲ್ಲಿ ನಿದ್ದೆ ಹೋದ. ತಲೆ ಮೊದಲು ಎದೆಗೆ ಬಾಗಿ, ಆಮೇಲೆ ಗಾಡಿ ಬಲಕ್ಕೆ ಹೊರಳಿದಾಗ ಇವನ ಹೆಗಲಿಗೆ ಬಂದು, ಅಲ್ಲೇ ಮನೆ ಮಾಡಿತು. ಭಾರವಾದ ತಲೆ. ಬಣ್ಣದ, ಬೆವರಿನ, ದಣಿದ ಮನುಷ್ಯನ ವಾಸನೆ. ಇವನು ಅಲುಗಾಡಲಿಲ್ಲ. ಬ್ರೇಕು ಬೀಳುವ ಮೊದಲೇ ಪಾದ ಒತ್ತಿ ಹೆಗಲನ್ನು ಒಂದೇ ಮಟ್ಟದಲ್ಲಿ ಹಿಡಿದ. ತಮ್ಮ ನಿಲ್ದಾಣ ಬಂತು. ಮುಂದೆ ಹೆಂಡತಿ ಎದ್ದು ನಿಂತು, ತಿರುಗಿ, ಬಾ ಎಂದು ಕೈ ಮಾಡಿದಳು. ಅವನು ತಲೆಯನ್ನು ಇಷ್ಟೇ ಇಷ್ಟು ಅಡ್ಡ ಆಡಿಸಿ, ಕಣ್ಣಿನಿಂದ ತನ್ನ ಹೆಗಲನ್ನು ತೋರಿಸಿದ. ಅವಳು ನೋಡಿದಳು. ನಿನಗೇನು ತಲೆ ಕೆಟ್ಟಿದೆಯಾ ಎಂಬಂತೆ ಬೆರಳು ತಿರುಗಿಸಿದಳು. ಕಂಡಕ್ಟರು ಸೀಟಿ ಊದಿದ, ಬಾಗಿಲು ಮುಚ್ಚಿತು, ಅವರ ಬೀದಿಯ ದೀಪದ ಕಂಬ ಕಿಟಕಿಯಲ್ಲಿ ಹಿಂದೆ ಸರಿಯಿತು. ಅವಳು ಮತ್ತೆ ಸೀಟಿನಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿರುವುದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು. ಬಸ್ಸು ಅವನಿಗೆ ಗೊತ್ತಿಲ್ಲದ ಬೀದಿಗಳ ಕಡೆ ಹೊರಳಿತು.